ಹುಳುಕು ಹೇಳಿ ಮಾರುವ ಮನೆ

ಆ ಮನೆಯ ಮಾವ ಒಣಶುಂಠಿಯನ್ನು ಬೈದು ಮಾರುತ್ತಿದ್ದರು.

ಬೇರೆ ವ್ಯಾಪಾರಿಗಳೆಲ್ಲ ತಮ್ಮ ಮಾಲನ್ನು ಹೊಗಳುವುದಕ್ಕೆ ಬಾಯಿ ಸಾಲದೆ ಬಣ್ಣಬಣ್ಣದ ಪುಸ್ತಿಕೆ ಅಚ್ಚು ಹಾಕಿಸುತ್ತಿದ್ದರೆ, ಇವರು ವರ್ಷಕ್ಕೊಮ್ಮೆ, ಮಾಲು ಹಡಗು ಹತ್ತುವ ಮೊದಲು, ಮುಂದಿನ ಕೋಣೆಯ ಮಂಚದ ಮೇಲೆ ಕಾಲು ಮಡಚಿ ಕೂತು ಕಡಲಾಚೆಯ ಗಿರಾಕಿಗೆ ಫೋನು ಮಾಡುತ್ತಿದ್ದರು. ಆ ಗಿರಾಕಿಯ ಅಜ್ಜ ಯಾವುದೋ ಕಾಲದಲ್ಲಿ ಇದೇ ಸೀಮೆಯಿಂದ ಹೊರಟು ಹೋದವರು; ಮನೆಮಾತು ಮಾತ್ರ ಮೊಮ್ಮಗನ ತನಕ ಉಳಿದುಕೊಂಡಿತ್ತು. ಮನೆಯಲ್ಲಿ ಎಲ್ಲರೂ ಅವರನ್ನು ‘ಆಚೆಯವರು’ ಎಂದೇ ಕರೆಯುತ್ತಿದ್ದರು. ಮಾವ ಅವರ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ. ಅದು ಏಕವಚನದಲ್ಲಿ ಮಾತಾಡುವುದಕ್ಕೆ ಅಡ್ಡಿಯಾಗಿರಲಿಲ್ಲ.

“ಈ ಸಲದ್ದು ಕೇಳಬೇಡಯ್ಯಾ,” ಎಂದು ಮಾವ ಶುರು ಮಾಡುತ್ತಿದ್ದರು. “ನಾರೋ ನಾರು. ಮೂರನೇ ರಾಶಿಗೆ ಹುಳ ಬಿದ್ದಿತ್ತು. ಆರಿಸಿದೀವಿ, ಆದ್ರೂ ನಿನ್ನ ಹಣೆಗೆ ಒಂದೆರಡು ತೂತು ಸಿಕ್ಕೇ ಸಿಗುತ್ತೆ. ಬಣ್ಣ ಅಂತೂ ಹಳೇ ಗೋಡೆ ಥರ ಇದೆ.”

ಆ ಕಡೆಯಿಂದ ಆಚೆಯವರು ತಮ್ಮ ಮಾರುಕಟ್ಟೆಯನ್ನು ಬೈಯುತ್ತಿದ್ದರು. ತಮ್ಮ ಗೋದಾಮಿನ ಸೋರುವ ಸೂರನ್ನು ಬೈಯುತ್ತಿದ್ದರು. ಇಬ್ಬರೂ ಮನಸ್ಸು ತುಂಬ ಬೈದು ಮುಗಿಸಿದ ಮೇಲೆ, “ಹಾಳಾಗ್ಹೋಗ್ಲಿ, ಕಳಿಸು,” ಎನ್ನುವಲ್ಲಿಗೆ ವರ್ಷದ ವ್ಯಾಪಾರ ಕುದುರಿದಂತೆ.

ಸ್ಯಾಂಪಲ್ ತೆಗೆಯುವುದೂ ಇದೇ ಧಾಟಿಯಲ್ಲಿ. ಮಾವ ಗೋದಾಮಿಗೆ ಹೋಗಿ, ಎದುರಿಗೆ ಸಿಕ್ಕ ಯಾವುದಾದರೊಂದು ಚೀಲಕ್ಕೆ ಮೊಳಕೈ ತನಕ ಕೈ ತೂರಿಸಿ, ಬಂದಷ್ಟನ್ನು ಧೂಳು, ಪುಡಿ ಸಮೇತ ಬಟ್ಟೆಯ ಚೀಲಕ್ಕೆ ಸುರಿದು ಕಟ್ಟಿಬಿಡುತ್ತಿದ್ದರು.

ಸೊಸೆಗೆ ಇದನ್ನು ನೋಡಿ ನೋಡಿ ನಾಚಿಕೆಯಾಗುತ್ತಿತ್ತು. ಅವಳು ಓದಿದವಳು. ಮದುವೆಯಾಗಿ ಬಂದ ವರ್ಷದಿಂದಲೇ ಗೋದಾಮಿನ ಉಸ್ತುವಾರಿ ಅವಳದು. ಯಾವ ರಾಶಿ ಯಾವ ಹಳ್ಳಿಯಿಂದ ಬಂತು, ಯಾವುದು ಎಷ್ಟು ಬಿಸಿಲು ಕಂಡಿತು ಎಂಬುದೆಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ಮಾಲು ನಿಜವಾಗಿ ಚೆನ್ನಾಗಿಯೇ ಇರುತ್ತಿತ್ತು. ಹೆತ್ತ ಮಗುವನ್ನು ನೆಂಟರೆದುರು ಹಳಿದ ಹಾಗೆ ಇದೇನು ಎಂದು ಅವಳಿಗೆ ಅನಿಸುತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ.

ಈ ವರ್ಷ ಮಾವನ ಗಂಟಲಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಅದನ್ನು ತೆಗೆದ ಡಾಕ್ಟರು, ತಾವು ಹೇಳುವ ತನಕ ತುಟಿ ಬಿಚ್ಚಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮಾವನ ಕೈಗೆ ಒಂದು ಸ್ಲೇಟು ಬಂತು. ಅವರಿಗೆ ನಿಷೇಧವಾಗಿದ್ದು ಮಾತಾಡುವುದು, ಕೇಳುವುದಲ್ಲ. ಆದರೂ ಗೋದಾಮಿನಲ್ಲಿ ಶುಂಠಿ ಆರಿಸುವ ಹೆಂಗಸರೆಲ್ಲ ಅಂದಿನಿಂದ ಪಿಸುಮಾತಿಗೆ ಇಳಿದರು. ರೇಡಿಯೋ ಕೂಡ ಸಣ್ಣಗಾಯಿತು. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ಮಾವನಿಗೆ ಮಾತ್ರ ಏನೂ ಕೇಳಿಸದೆ ಸಿಟ್ಟು ಬರುತ್ತಿತ್ತು.

ಸುಗ್ಗಿಯ ಮಾಲು ಮೂಟೆಯಾಯಿತು. ಈ ಸಲ ಆಚೆಯವರ ಜೊತೆ ಯಾರು ಮಾತಾಡುವುದು ಎಂಬ ಪ್ರಶ್ನೆ ಎದ್ದಾಗ ಮಾವ ಸ್ಲೇಟು ತೆಗೆದುಕೊಳ್ಳುವ ಗೋಜಿಗೂ ಹೋಗದೆ ಸೊಸೆಯತ್ತ ಬೆರಳು ತೋರಿಸಿದರು. ಬಂದರಿನ ಕಾಗದಪತ್ರವೆಲ್ಲ ನೋಡಿಕೊಳ್ಳುತ್ತಿದ್ದ ಮಗ, “ನಾನೇ ಮಾತಾಡ್ತಿದ್ದೆನಲ್ಲಪ್ಪ,” ಎಂದ. ಮಾವನ ಬೆರಳು ಕದಲಲಿಲ್ಲ.

ಸೊಸೆಗೆ ಆ ಬೆರಳು ಕಿರೀಟವಿಟ್ಟಂತಾಯಿತು. ಈ ಮನೆಯ ಶುಂಠಿಗೆ ಇಷ್ಟು ವರ್ಷ ಸಿಗದ ಮರ್ಯಾದೆಯನ್ನು ತಾನು ಕೊಡಿಸುತ್ತೇನೆ ಎಂದುಕೊಂಡಳು. ಸ್ಯಾಂಪಲ್ ತೆಗೆಯುವ ದಿನ ಬೆಳಿಗ್ಗೆಯೇ ಗೋದಾಮಿನ ಬಾಗಿಲ ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ ಕೂತಳು. ದಪ್ಪನೆಯ, ಕವಲು ಕವಲಾದ, ಒಂದು ಚೂರೂ ಸಿಪ್ಪೆ ಉಳಿಯದ ತುಂಡುಗಳನ್ನೇ ಒಂದೊಂದಾಗಿ ಹೆಕ್ಕತೊಡಗಿದಳು. ಅವಳೊಬ್ಬಳೇ ಕೂತಿದ್ದು ನೋಡಲಾರದೆ ಆರಿಸುವ ಹೆಂಗಸರೂ ಬಂದು ಸುತ್ತ ಕೂತರು. ಸಂಜೆಯ ಹೊತ್ತಿಗೆ ಬಟ್ಟೆಯ ಮೇಲೆ ಒಂದು ಪುಟ್ಟ ಗುಡ್ಡೆ ದಂತದ ಸಾಮಾನಿನ ಹಾಗೆ ಹೊಳೆಯುತ್ತಿತ್ತು.

ಗುಂಪಿನಲ್ಲಿ ಹಿರಿಯಳಾದ ಕನ್ನಡಕದಜ್ಜಿ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ, “ಇದನ್ನ ಕುಟ್ಟೋಕೆ ಯಾರಿಗಾದ್ರೂ ಮನಸ್ಸು ಬರುತ್ತಾ,” ಎಂದು ಪಿಸುಗುಟ್ಟಿದಳು. “ಶೋಕೇಸಲ್ಲಿ ಇಡಬೇಕು.”

“ಅಷ್ಟು ಚೆನ್ನಾಗಿದ್ಯಾ ಅಜ್ಜಿ?”

“ನನ್ನ ಮದುವೇಲಿ ನಾನೂ ಇಷ್ಟು ಚೆನ್ನಾಗಿರಲಿಲ್ಲ.”

ಸ್ಯಾಂಪಲ್ ಹೋಯಿತು. ಅದು ತಲುಪಿದ ಸುದ್ದಿ ಬಂದ ಮೇಲೆ ಸೊಸೆ ಫೋನಿನ ಮುಂದೆ ಕೂತಳು. ಮಾವ ಹೊಸ ಡ್ರೆಸ್ಸಿಂಗ್ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದರು. ಗಂಡ ಪಕ್ಕಕ್ಕೆ ಬಂದು ನಿಂತ.

“ಅಪ್ಪನ ಆಪರೇಷನ್ ವಿಷಯ ಎತ್ತಬೇಡ. ಯಜಮಾನ ಮಲಗಿದ ಅಂಗಡಿ ಅಂತ ಒಂದ್ಸಲ ಹೆಸರು ಬಂದ್ರೆ ಮುಗೀತು. ಊರಲ್ಲಿಲ್ಲ ಅಂದ್ಬಿಡು.”

ಅವಳಿಗೂ ಸರಿಯೆನಿಸಿತು. ಫೋನು ಎತ್ತಿದ್ದು ಆಚೆಯವರೇ.

“ನಮಸ್ಕಾರ ಯಜಮಾನ್ರೇ, ನಾನು ಅವರ ಸೊಸೆ.”

“ಅವನೆಲ್ಲಿ?”

“ಮಾವ ಊರಲ್ಲಿಲ್ಲ.”

“ಎಲ್ಲಿಗೆ ಹೋಗಿದ್ದಾನೆ?”

ಅಷ್ಟು ದೂರ ಅವಳು ಯೋಚಿಸಿರಲಿಲ್ಲ. “ಹೀಗೇ... ಹವಾ ಬದಲಾವಣೆಗೆ.”

“ಮಾಲು ಹೋಗೋ ಹೊತ್ತಲ್ಲಿ?”

“ಹೌದು.”

“ಸ್ಯಾಂಪಲ್ ನೋಡಿದೆ,” ಎಂದರು ಆಚೆಯವರು. “ಮಾಲೆಲ್ಲ ಹಾಗೇ ಇದ್ಯಾ?”

“ಎಲ್ಲಾ ಹಾಗೇ ಇದೆ. ಈ ಸಲ ಬಹಳ ಚೆನ್ನಾಗಿ ಬಂದಿದೆ.”

“ಏನು ಕೆಟ್ಟಿದೆ?”

“ಏನೂ ಕೆಟ್ಟಿಲ್ಲ.”

“ಹುಳ?”

“ಇಲ್ಲ.”

“ನಾರು?”

“ಇಲ್ಲವೇ ಇಲ್ಲ ಅನ್ನಬಹುದು.”

“ಸರಿ ತಾಯಿ,” ಎಂದರು ಆಚೆಯವರು. ಸಾವಿನ ಮನೆಯಿಂದ ಹೊರಡುವವರು ಹೇಳಿಕೊಂಡು ಹೊರಡುವ ದನಿ ಅದು. “ಮನೇಲಿ ಎಲ್ಲರೂ ಧೈರ್ಯವಾಗಿರಿ.”

ಫೋನು ಇಟ್ಟ ಮೇಲೆ ಗಂಡ, “ಏನಂದ್ರು?” ಎಂದು ಕೇಳಿದ.

“ಧೈರ್ಯವಾಗಿರಿ ಅಂದ್ರು.”

“ಒಳ್ಳೇ ಮನುಷ್ಯ,” ಎಂದ ಗಂಡ. ಮಾಲನ್ನು ಕಂಟೇನರಿಗೆ ತುಂಬಿಸಿ ಬಂದರಿಗೆ ಕಳಿಸಿದ.

ಕಂಟೇನರು ಬಂದರಿನ ಅಂಗಳ ಮುಟ್ಟುವಷ್ಟರಲ್ಲಿ ಆಚೆಯವರ ಗುಮಾಸ್ತನಿಂದ ಸಂದೇಶ ಬಂತು. ಸದ್ಯಕ್ಕೆ ಮಾಲು ಹತ್ತಿಸಬೇಡಿ. ಕಾರಣ ಬರೆದಿರಲಿಲ್ಲ. ಸೊಸೆ ಫೋನು ಮಾಡಿದಳು. ಗುಮಾಸ್ತ ಎತ್ತಿ, ಯಜಮಾನರು ಎದ್ದು ಹೋದರು ಎಂದ. ಮತ್ತೆ ಮಾಡಿದಳು. ಈಗಲೂ ಎದ್ದು ಹೋದರು ಎಂದ. ಅವರು ಕೂರುವುದೇ ಇಲ್ಲವೇ ಎಂದು ಕೇಳಿದಾಗ ಗುಮಾಸ್ತ ಪಾಪ, “ನಿಮ್ಮ ಫೋನು ಬಂದಾಗ ಕೂರಲ್ಲಮ್ಮಾ,” ಎಂದು ಇದ್ದದ್ದು ಇದ್ದ ಹಾಗೆ ಹೇಳಿದ.

ಆಚೆಯವರೇ ಗೊತ್ತುಮಾಡಿದ ತಪಾಸಣೆಯವರು ಒಬ್ಬರು ಬಂದರಿಗೆ ಬಂದರು. ಸೊಸೆಯೂ ಹೋಗಿ ಪಕ್ಕದಲ್ಲಿ ನಿಂತಳು. ಅವರು ಕಂಟೇನರು ತೆಗೆಸಿ, ಚೂಪು ತುದಿಯ ಕೊಳವೆಯನ್ನು ಚೀಲಚೀಲಕ್ಕೆ ಚುಚ್ಚಿ, ಉದುರಿದ್ದನ್ನು ಮೂಸಿ, ಮುರಿದು, ಅಗಿದು ನೋಡಿದರು. ಚುಚ್ಚಿದ ತೂತುಗಳನ್ನು ಹಾಗೇ ಬಿಟ್ಟು ಹೋಗುವ ಹಕ್ಕು ಅವರಿಗಿತ್ತು. ಅವರು ಜೇಬಿನಿಂದ ಸೂಜಿ ದಾರ ತೆಗೆದು ಒಂದೊಂದನ್ನೂ ಹೊಲಿದರು.

“ಮಾಲು ಚೆನ್ನಾಗಿದೆಯಮ್ಮಾ. ನನಗಂತೂ ತಪ್ಪು ಕಾಣಲಿಲ್ಲ,” ಎಂದು ಹಾಗೆಯೇ ಬರೆದುಕೊಟ್ಟರು.

ಆ ಸರ್ಟಿಫಿಕೇಟು ಕಂಡರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯವರು ಅಂದುಕೊಂಡರು. ಗುಮಾಸ್ತನಿಂದ ಬಂದ ಸುದ್ದಿ ಬೇರೆ. “ಯಜಮಾನ್ರು ಅದನ್ನ ಓದಿ ಊಟ ಬಿಟ್ಟು ಎದ್ರು. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತಿದಾರೆ, ಏನೋ ಆಗಬಾರದ್ದು ಆಗಿದೆ ಅಂದ್ರು.”

ಗಂಡ ಬಿಡುವವನಲ್ಲ. ಪ್ರಯೋಗಾಲಯದ ಸರ್ಟಿಫಿಕೇಟು ಮಾಡಿಸಿದ. ಅದರಲ್ಲಿ ಮಾಲು ಇನ್ನೂ ಚೆನ್ನಾಗಿತ್ತು. ಅದನ್ನು ಕಳಿಸಿದ ಮೇಲೆ ಗುಮಾಸ್ತನೂ ಫೋನು ಎತ್ತುವುದನ್ನು ಬಿಟ್ಟ.

ಹೊರಡಬೇಕಾಗಿದ್ದ ಹಡಗು ಹೊರಟುಹೋಯಿತು. ಕಂಟೇನರು ಕಡಲಗಾಳಿಗೆ ಮೈಯೊಡ್ಡಿ ನಿಂತಿತ್ತು. ಒಣಶುಂಠಿ ಗಾಳಿಯ ತೇವವನ್ನು ಹೀರುತ್ತದೆ. ಹೀರಿದರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಅದನ್ನು ಹೊಗಳಿದರೂ ಅಷ್ಟೆ, ಬೈದರೂ ಅಷ್ಟೆ. ಮನೆಗೆ ಹೊರದೇಶದ ಗಿರಾಕಿ ಎಂದರೆ ಇವರೊಬ್ಬರೇ. ಮುಂದಿನ ಹಡಗು ತಪ್ಪಿದರೆ ವರ್ಷದ ಮಾಲು ನೀರಲ್ಲಿ ಹೋಮ. ಜೊತೆಗೆ, ಮಾವ ಇಷ್ಟು ವರ್ಷ ಉಳಿಸಿಕೊಂಡು ಬಂದ ಮಾತು ಸೊಸೆಯ ಕೈಗೆ ಬಂದ ವರ್ಷವೇ ಕಳೆದುಹೋಯಿತು ಅನ್ನಿಸಿಕೊಳ್ಳಬೇಕು. ಹಾಗೆಂದು ಯಾರೂ ಅನ್ನಲಿಲ್ಲ. ಅತ್ತೆಯಂತೂ ಅವಳ ತಟ್ಟೆಗೆ ಕೇಳದೆ ಇನ್ನೊಂದು ಸೌಟು ಅನ್ನ ಹಾಕುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಇದನ್ನೆಲ್ಲ ಮಾವನಿಂದ ಮುಚ್ಚಿಟ್ಟಿದ್ದರು, ಗಾಯ ಮಾಯಲಿ ಎಂದು. ಆದರೆ ಅತ್ತೆಗೆ ಮುಚ್ಚಿಡುವುದು ಮೈಗೆ ಒಗ್ಗದ ವಿದ್ಯೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ, “ನೀವು ಚಿಂತೆ ಮಾಡಬೇಡಿ, ಕಂಟೇನರು ಅಲ್ಲೇ ಭದ್ರವಾಗಿದೆ,” ಎಂದುಬಿಟ್ಟರು.

ಮಾವ ಸ್ಲೇಟಿನಿಂದ ಮಂಚ ಕುಟ್ಟಿ ಸೊಸೆಯನ್ನು ಕರೆಸಿದರು. ಅವಳು ಇದ್ದುದೆಲ್ಲ ಹೇಳಿದಳು. ಮಾವ ಬರೆದರು: ‘ಸ್ಯಾಂಪಲ್?’

“ಒಂದೊಂದೇ ತುಂಡು ಹೆಕ್ಕಿ ಕಳಿಸಿದೆ, ಮಾವ.”

ಮಾವ ಹಣೆಗೆ ಕೈ ಹಚ್ಚಿದರು. ಸ್ಲೇಟು ಒರೆಸಿ ಮತ್ತೆ ಬರೆದರು: ‘ಏನು ಕೆಟ್ಟಿದೆ ಅಂತ ಕೇಳಲಿಲ್ಲವಾ?’

“ಕೇಳಿದ್ರು. ಏನೂ ಇಲ್ಲ ಅಂದೆ.”

‘ನಾನು ಎಲ್ಲಿದ್ದೀನಿ ಅಂದೆ?’

“ಊರಲ್ಲಿಲ್ಲ ಅಂದೆ.”

ಮಾವ ತಾವು ಮಲಗಿದ್ದ ಮಂಚವನ್ನು, ಗೋಡೆಯನ್ನು, ಕಿಟಕಿಯಾಚೆಯ ಬೀದಿಯನ್ನು ಒಂದು ಸುತ್ತು ನೋಡಿದರು. ‘ಯಾವ ಊರು?’ ಎಂದು ಬರೆದರು.

“ಅವರೂ ಅದನ್ನೇ ಕೇಳಿದ್ರು.”

ಸೊಸೆ ಮಂಚದ ಅಂಚಿನಲ್ಲಿ ಕೂತಳು. “ನೀವು ಬೈತಿದ್ದಿದ್ದು ವ್ಯಾಪಾರದ ಗುಟ್ಟು ಅಂತ ನನಗೆ ಮೊದಲೇ ಹೇಳಬಾರದಿತ್ತಾ, ಮಾವ?”

ಮಾವನ ಮುಖದಲ್ಲಿ ನಿಜವಾದ ಅಚ್ಚರಿ ಕಂಡಿತು. ಬಳಪ ತೆಗೆದುಕೊಂಡು ಬರೆದರು: ‘ಗುಟ್ಟೇನಿಲ್ಲ. ಕೆಟ್ಟಿದ್ದನ್ನು ಹೇಳುತ್ತಿದ್ದೆ. ಚೆನ್ನಾಗಿರುವುದು ಅವನಿಗೇ ಕಾಣುತ್ತೆ.’

ಗಂಡ ಅದನ್ನು ಓದಿ ಹುರುಪಿನಿಂದ, “ಹಾಗಾದ್ರೆ ಸುಲಭ. ಕಸದಂಥ ಸ್ಯಾಂಪಲ್ ಒಂದು ಮಾಡಿ ಕಳಿಸೋಣ,” ಎಂದ.

“ಅದೂ ಮಾಡಿದ್ದೇ ಆಗುತ್ತಲ್ಲ,” ಎಂದಳು ಸೊಸೆ. “ಚೆನ್ನಾಗಿರೋದನ್ನ ಹೆಕ್ಕಿದ ಹಾಗೆ ಕೆಟ್ಟದ್ದನ್ನೂ ಹೆಕ್ಕಿ ಕಳಿಸಿದ್ರೆ ಅವರು ಮೂಸಿ ನೋಡೇ ಹೇಳ್ತಾರೆ.”

ಅವಳು ಅಲ್ಲೇ ಫೋನು ಎಳೆದುಕೊಂಡಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಗುಮಾಸ್ತ ಎತ್ತಿ, ಅಭ್ಯಾಸಬಲದಿಂದ, “ಯಜಮಾನ್ರು ಎದ್ದು ಹೋದ್ರು,” ಎಂದ.

“ಅವರನ್ನ ಕರೀಬೇಡಿ. ಒಂದು ಮಾತು ತಿಳಿಸಿಬಿಡಿ, ಸಾಕು. ಮಾಲಲ್ಲಿ ತೊಂದರೆ ಇದೆ.”

ಏನೋ ಉರುಳಿದ ಸದ್ದು. ಮರುಕ್ಷಣ ಆಚೆಯವರ ದನಿ ಕಿವಿಯಲ್ಲಿತ್ತು. “ಏನು ತೊಂದರೆ?”

ಸೊಸೆ ಶುರು ಮಾಡಿದಳು. ಮೊದಲೆರಡು ಮಾತು ಒಪ್ಪಿಸಿದ ಪಾಠದಂತೆ ಬಂದವು. “ಮಾಲು ಅಷ್ಟೇನೂ ಚೆನ್ನಾಗಿಲ್ಲ. ಗುಣಮಟ್ಟ ಸಾಧಾರಣ...”

“ಯಾರಮ್ಮಾ ಬರೆದುಕೊಟ್ರು?” ಎಂದರು ಆಚೆಯವರು ಬೇಸರದಿಂದ.

ಆಗ ಸೊಸೆಗೆ ರೇಗಿತು. ಇಷ್ಟು ದಿನ ಹೊಟ್ಟೆಗೆ ಹಾಕಿಕೊಂಡಿದ್ದದ್ದೆಲ್ಲ ಗಂಟಲಿಗೆ ಬಂತು. “ಬರೆದುಕೊಡೋಕೆ ಯಾರಿದಾರೆ ಇಲ್ಲಿ? ಎರಡನೇ ರಾಶಿ ಕೆರೆದವರಿಗೆ ಮನೆಗೆ ಹೋಗೋ ಆತುರ. ಗೆಣ್ಣು ಗೆಣ್ಣಲ್ಲೂ ಸಿಪ್ಪೆ ಉಳಿಸಿದಾರೆ. ಎಷ್ಟು ಹೇಳಿದ್ರೂ ತಲೆ ಆಡಿಸ್ತಾರೆ, ಕೆಲಸ ಅದೇ. ನಾಲ್ಕನೇ ರಾಶಿ ಅಂಗಳದಲ್ಲಿದ್ದಾಗ ಮಳೆ ಹನಿ ಬಿತ್ತು. ಓಡಿಹೋಗಿ ಒಳಗೆ ಎಳೆದ್ವಿ, ಅಷ್ಟರಲ್ಲಿ ಮೇಲಿನ ಪದರ ಮಂಕಾಯ್ತು. ಐದನೇದು ಮಕ್ಕಳ ಬೆರಳಿನಷ್ಟು ಸಣ್ಣ, ಆ ಹಳ್ಳಿಯವರು ಬೇಗ ಕಿತ್ತುಬಿಟ್ರು. ಗೋದಾಮಿನ ಗೋಡೆಗೆ ಬಣ್ಣ ಹೊಡೆಸಬೇಡಿ ಅಂತ ನಾನು ಬೇಡಿಕೊಂಡೆ. ನಿಮ್ಮ ಸ್ನೇಹಿತರ ಮಗ ಹೊಡೆಸಿದ್ರು. ಆ ಗೋಡೆ ಕಡೆಯ ಚೀಲ ತೆಗೆದ್ರೆ ಬಣ್ಣದ ವಾಸನೆ ಬರುತ್ತೆ ಅಂತ ನನಗೆ ಅನುಮಾನ. ತಪಾಸಣೆಯವರು ಬರಲ್ಲ ಅಂದ್ರು. ನನಗೆ ಬರುತ್ತೆ.”

ಬಾಗಿಲಲ್ಲಿ ನಿಂತಿದ್ದ ಗಂಡ ಛಾವಣಿಯನ್ನು ಪರೀಕ್ಷಿಸತೊಡಗಿದ.

“ಮಂಕು ಅಂದ್ರೆ ಎಷ್ಟು ಮಂಕು?” ಎಂದರು ಆಚೆಯವರು. ದನಿಗೆ ಜೀವ ಬಂದಿತ್ತು.

“ತೊಳೆದು ತೊಳೆದು ಹಳತಾದ ಬಿಳಿ ಪಂಚೆ ಥರ.”

“ಹುಳ ಇಲ್ಲ ಅಂದಿದ್ದೆಯಲ್ಲ?”

“ಅದು ನಿಜ. ಈ ಸಲ ಹುಳ ಬೀಳಲಿಲ್ಲ. ಯಾಕೋ ಗೊತ್ತಿಲ್ಲ.”

“ಸ್ಯಾಂಪಲ್?”

“ಸುಳ್ಳು. ನಾವೆಲ್ಲ ಬೆಳಗಿಂದ ಸಂಜೆ ತನಕ ಕೂತು ಹೆಕ್ಕಿದ್ದು. ಅಂಥದ್ದು ಇಡೀ ಗೋದಾಮಲ್ಲಿ ಇದ್ದಿದ್ದೇ ಅಷ್ಟು.”

“ಸದ್ಯ,” ಎಂದರು ಆಚೆಯವರು. “ನಾನು ಅದನ್ನ ಯಾರಿಗೂ ತೋರಿಸಿಲ್ಲ. ತೋರಿಸಿದ್ರೆ ನನ್ನ ಗಿರಾಕಿಗಳು ಅದೇ ಬೇಕು ಅಂತ ಕೂರ್ತಿದ್ರು, ನಿನ್ನ ತಲೆಗೆ ಬರ್ತಿತ್ತು. ಮನೆಗೆ ಒಯ್ದೆ. ಶುಂಠಿ ವ್ಯಾಪಾರಿ ಮನೆಗೆ ಇಷ್ಟು ಒಳ್ಳೇ ಶುಂಠಿ ಬಂದಿದ್ದು ಇದೇ ಮೊದಲು ಅಂದ್ಲು ನನ್ನ ಹೆಂಡತಿ.”

ಆಚೆಯವರು ಗಂಟಲು ಸರಿಮಾಡಿಕೊಂಡರು. “ಈಗ ಅವನ ವಿಷಯ ಹೇಳು. ಯಾವತ್ತು ಆಯ್ತು?”

“ಏನು?”

“ಎಲ್ಲರೂ ಹೋಗೋರೇ, ತಾಯಿ. ಮುಚ್ಚಿಡಬೇಡ. ಅವನ ಬದಲು ನೀನು ಫೋನ್ ಮಾಡಿ ಎಲ್ಲಾ ಚೆನ್ನಾಗಿದೆ ಅಂದಾಗ್ಲೇ ನಂಗೆ ತಿಳೀತು. ನಿನ್ನ ಬಾಯಿಂದ ಕೇಳೋಕೆ ಮನಸ್ಸು ಬರಲಿಲ್ಲ. ಅದಕ್ಕೇ ಫೋನ್ ಎತ್ತಲಿಲ್ಲ.”

ಸೊಸೆ ಮಂಚದ ಕಡೆ ನೋಡಿದಳು. ಮಾವ ಬಳಪದಿಂದ ಕಿವಿ ಕೆರೆದುಕೊಳ್ಳುತ್ತಿದ್ದರು.

“ಮಾವ ಇದ್ದಾರೆ ಯಜಮಾನ್ರೇ.”

“ನೋಡು, ಈಗಷ್ಟೇ ಸರಿಯಾಗಿ ಮಾತಾಡೋಕೆ ಶುರು ಮಾಡಿದ್ದೆ.”

“ನಿಜವಾಗ್ಲೂ ಇದ್ದಾರೆ. ಗಂಟಲಿಗೆ ಆಪರೇಷನ್ ಆಗಿದೆ. ಮಾತಾಡೋ ಹಾಗಿಲ್ಲ.”

“ಹೇಗಿದ್ದಾನೆ?”

‘ಚೆನ್ನಾಗಿದ್ದಾರೆ’ ಎಂಬ ಮಾತು ತುಟಿಗೆ ಬಂದಿತ್ತು. ಅವಳು ಅದನ್ನು ಅಲ್ಲೇ ತಡೆದಳು.

“ಚೆನ್ನಾಗಿಲ್ಲ. ಒಂದು ಗಂಟು ತೆಗೆದ್ರು. ಕೆಟ್ಟ ಗಂಟಲ್ಲ ಅಂದಿದಾರೆ. ಆದರೆ ಮೈಯಿಳಿದು ಅಂಗಿಯೆಲ್ಲ ಜೋತಾಡ್ತಿದೆ. ಗಂಜಿ ಕಂಡ್ರೆ ಮುಖ ತಿರುಗಿಸ್ತಾರೆ. ಮನೆಯವರೆಲ್ಲರ ಮೇಲೂ ಸಿಟ್ಟು. ಮಾತು ಬಂದ್ರೂ ಮೊದಲಿನ ಹಾಗಿರಲ್ವಂತೆ, ದನಿ ಒಡಕಲಾಗಿರುತ್ತಂತೆ.”

ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು. ಅದು ಎರಡು ಸಲ ಆಯಿತು.

“ಒಡಕಲಾ,” ಎಂದರು ಆಚೆಯವರು. “ಮೊದಲೇನು ಕೊಳಲಾಗಿತ್ತಾ? ಕೊಡು ಅವನಿಗೆ.”

“ಅವರು ಮಾತಾಡೋ ಹಾಗಿಲ್ಲ ಯಜಮಾನ್ರೇ.”

“ಕೇಳಬಹುದಲ್ಲ. ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದಾನೆ. ಇವತ್ತು ಕೇಳ್ಲಿ.”

ಸೊಸೆ ಫೋನನ್ನು ಮಾವನ ಕಿವಿಗೆ ಇಟ್ಟಳು. ಪಕ್ಕದಲ್ಲಿದ್ದವರಿಗೂ ಕೇಳುವಷ್ಟು ಜೋರಾಗಿ ಆಚೆಯವರು ಬಯ್ಯತೊಡಗಿದರು. ಹೇಳದೆ ಕೇಳದೆ ಗಂಟಲು ಕೊಯ್ಸಿಕೊಂಡಿದ್ದಕ್ಕೆ ಬೈದರು. ಹವಾ ಬದಲಾವಣೆ ಎಂಬ ಮಾತು ಹಿಡಿದು ಬೈದರು. ತಮ್ಮ ಗೋದಾಮಿನ ಸೂರು ಈಗಲೂ ಸೋರುತ್ತದೆ ಎಂದರು, ಬಲಗಡೆಯದು ದುರಸ್ತಿಯಾದ ಮೇಲೆ ಎಡಗಡೆ ಶುರುವಾಗಿದೆ ಎಂದರು. ಮಾವ ಕೇಳುತ್ತ ಕೇಳುತ್ತ ತಲೆಯಾಡಿಸುತ್ತಿದ್ದರು. ಅವರ ಕಣ್ಣು ತೇವವಾಗಿತ್ತು. ಮೊಳೆ ಹುಡುಕುವವರಂತೆ ಗೋಡೆ ನೋಡುತ್ತಿದ್ದರು.

“ಕೇಳಿಸ್ತಿದ್ಯಾ ಅವನಿಗೆ?” ಎಂದು ಆಚೆಯವರು ಕೂಗಿದರು.

ಸೊಸೆ ಫೋನಿನತ್ತ ಬಾಗಿ, “ಕೇಳಿಸ್ತಿದೆ. ತಲೆ ಆಡಿಸ್ತಿದಾರೆ,” ಎಂದಳು.

“ಯಾವ ಕಡೆಗೆ?”

“ಮೇಲೆ ಕೆಳಗೆ.”

“ಈಗ?”

“ಅಡ್ಡಡ್ಡ.”

“ಅದೇ ಅವನ ಬುದ್ಧಿ. ನಾನು ಹೇಳಿದ್ದು ಒಪ್ಪಲ್ಲ.”

ಮಾವ ಫೋನನ್ನು ಭುಜಕ್ಕೆ ಒತ್ತಿಹಿಡಿದು ಸ್ಲೇಟಿನ ಮೇಲೆ ಬರೆದರು. ಸೊಸೆಯ ಕಡೆ ತಿರುಗಿಸಿದರು. ಅವಳು ಓದಿ ಫೋನಿನತ್ತ ಬಾಗಿದಳು.

“ಮಾವ ಏನೋ ಬರೆದಿದಾರೆ, ಯಜಮಾನ್ರೇ.”

“ಓದು.”

“ಎರಡನೇ ರಾಶಿಯಲ್ಲಿ ನಾರೂ ಇದೆ, ಇವಳು ಹೇಳಲಿಲ್ಲ.”

“ಅದಕ್ಕೇ ಕಾಯ್ತಿದ್ದೆ,” ಎಂದರು ಆಚೆಯವರು. “ಹಾಳಾಗ್ಹೋಗ್ಲಿ, ಹತ್ತಿಸಿ.”

ಗಂಡ ಆಗಲೇ ಚಪ್ಪಲಿ ಮೆಟ್ಟಿ ಬಂದರಿನ ದಾರಿ ಹಿಡಿದಿದ್ದ. ಅತ್ತೆ ಗಂಜಿಯ ಬಟ್ಟಲು ಹಿಡಿದು ಬಾಗಿಲಿಗೆ ಬಂದು, ಫೋನು ಇನ್ನೂ ಮುಗಿದಿಲ್ಲವೆಂದು ಕಂಡು, ಅದನ್ನು ಆರದ ಹಾಗೆ ಮುಚ್ಚಿಟ್ಟರು. ಆಚೆಯವರು ಸೋರುವ ಸೂರಿನ ಎಡಗಡೆಯ ಕಥೆಯನ್ನು ಮೊದಲಿನಿಂದ ಶುರು ಮಾಡಿದ್ದರು. ಮಾವ ಕೆಂಪಾದ ಕಿವಿಯನ್ನು ಉಜ್ಜಿಕೊಂಡು, ಫೋನನ್ನು ಇನ್ನೊಂದು ಕಿವಿಗೆ ಹಿಡಿದರು.